ಸೋಮವಾರ ಉತ್ತರ ಕೊಡದ ಯಂತ್ರ

ನಾನು ತೂಕದ ಯಂತ್ರ ರಿಪೇರಿ ಮಾಡುವವನು. ಮನೆ ಹಾವೇರಿಯಲ್ಲಿ, ಕೆಲಸ ಹೆಚ್ಚಾಗಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ. ಚೀಲ ಇಟ್ಟ ಕೂಡಲೇ ಅಂಕಿ ಕುಣಿಯುವ ಯಂತ್ರ, ಖಾಲಿ ಇದ್ದಾಗಲೂ ಇನ್ನೂರು ಗ್ರಾಂ ತೋರಿಸುವ ಯಂತ್ರ, ಧೂಳು ಹೊಕ್ಕು ತಡವರಿಸುವ ಯಂತ್ರ, ಎಲ್ಲದರ ಹೊಟ್ಟೆ ಬಿಚ್ಚಿ ನೋಡಿದ್ದೇನೆ. ಹತ್ತು ಗ್ರಾಂ ತಪ್ಪಿದರೂ ಎಲ್ಲಿ ತಪ್ಪಿತು ಎಂದು ಹಿಡಿಯುತ್ತೇನೆಂಬ ಜಂಬ ನನಗಿತ್ತು. ಇವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯವರು ಹೇಳುತ್ತಾರೆ, ಅದೂ ಸುಳ್ಳಲ್ಲ. ಈ ಜಂಬ, ಈ ಸಿಟ್ಟು ಎರಡೂ ಸೇರಿ ಒಂದು ಮಾರ್ಚ್ ತಿಂಗಳಲ್ಲಿ ನನ್ನ ಅಕ್ಕನ ರೇಷ್ಮೆ ಬೆಳೆಯನ್ನು ಮುಗಿಸಿಬಿಡುವುದರಲ್ಲಿದ್ದವು.

ಅಕ್ಕ ಇರುವುದು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ. ಎಂಟು ವರ್ಷದ ಹಿಂದೆ ಒಂದೆಕರೆಗೆ ಹಿಪ್ಪುನೇರಳೆ ಹಚ್ಚಿ, ಹೊಲದಲ್ಲೇ ಹುಳು ಸಾಕುವ ಮನೆ ಕಟ್ಟಿಸಿದವಳು ಅವಳೇ. ಅವಳ ಗಂಡನನ್ನು ನಾನು ಮಾವ ಎನ್ನುತ್ತೇನೆ. ಅವರು ಎತ್ತಿನ ಮನುಷ್ಯ. ಗೋವಿನಜೋಳ, ಹತ್ತಿ, ಎತ್ತು, ಇಷ್ಟರಲ್ಲೇ ಅವರ ಹೊತ್ತು ಹೋಗುತ್ತಿತ್ತು. ಹುಳುವಿನ ಮನೆಯ ಕಡೆ ಕೈ ತೋರಿಸಿ “ಅದು ಅಕಿ ಸಂಸಾರ” ಎನ್ನುತ್ತಿದ್ದರು. ಸೊಪ್ಪು ತಂದು ಬಾಗಿಲಿಗೆ ಹಾಕಿ ಹೋಗುತ್ತಿದ್ದರೇ ಹೊರತು ಒಳಗೆ ಕಾಲಿಟ್ಟದ್ದು ಕಡಿಮೆ.

ಫೆಬ್ರವರಿ ಕೊನೆಗೆ ಅಕ್ಕ ಸೊಪ್ಪಿನ ಕೋಣೆಯಲ್ಲಿ ಹಸಿ ಗೋಣಿಚೀಲದ ಮೇಲೆ ಕಾಲು ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಹಾವೇರಿಯಲ್ಲಿ ಆಪರೇಷನ್ ಆಗಿ, ಒಳಗೊಂದು ರಾಡು ಹಾಕಿ, ಆರು ವಾರ ಕಾಲೂರಬಾರದು ಎಂದರು. ಅವಳನ್ನು ನಮ್ಮ ಮನೆಗೇ ಕರೆತಂದೆವು. ಚಾಕಿ ಹುಳುವಿಗೆ, ಎಂದರೆ ಎರಡು ಜ್ವರ ಕಳೆದ ಮರಿಹುಳುವಿಗೆ, ಅವಳು ಬೀಳುವ ಮೊದಲೇ ಹೆಸರು ಬರೆಸಿಯಾಗಿತ್ತು. ಹುಳು ಪೊರೆ ಬಿಡುವಾಗ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುವಿನ ಬಾಳಿನಲ್ಲಿ ಅಂಥ ಜ್ವರ ನಾಲ್ಕು. ಕೊನೆಯ ಎರಡು ಅಕ್ಕನಿಲ್ಲದ ಮನೆಯಲ್ಲಿ ಆಗಬೇಕಾಗಿತ್ತು.

“ಅವರಿಗೆ ಎತ್ತಿನ ಜ್ವರ ಗೊತ್ತಾಕ್ಕೈತಿ, ಹುಳದ್ದು ಗೊತ್ತಾಗಂಗಿಲ್ಲ,” ಎಂದಳು ಅಕ್ಕ ಮಂಚದ ಮೇಲಿಂದ. ಆಮೇಲೆ, “ತಮ್ಮಾ, ಈ ಬೆಳಿ ಕೆಟ್ಟರ ನಾ ಇನ್ನ ಹುಳಾ ಸಾಕಂಗಿಲ್ಲ. ಹಿಪ್ಪನೇರಳಿ ಕೀಳಸ್ತೀನಿ. ಆ ಮನ್ಯಾಗ ಎತ್ತು ಕಟ್ಟಿಕೊಳ್ಳಲಿ,” ಎಂದಳು. ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ, ಗೋಡೆಯ ಕಡೆ ಹೊರಳಲೂ ಆಗದೆ ಸುಮ್ಮನೆ ಮೇಲೆ ನೋಡುತ್ತಿದ್ದಳು.

ಆಗ ನನ್ನ ತಲೆಗೆ ಬಂದದ್ದು ಆ ಸಣ್ಣ ಕಂಪ್ಯೂಟರು. ಅಂಗೈ ಅಗಲದ ಒಂದೇ ಹಸಿರು ಹಲಗೆ, ಅದರ ಮೇಲೇ ಎಲ್ಲ. ಪರದೆ ಇಲ್ಲ, ಕೀಲಿಮಣೆ ಇಲ್ಲ. ಪೇಟೆಯ ಒಂದು ದೊಡ್ಡ ತೂಕದ ಕಟ್ಟೆಗೆಂದು ತರಿಸಿ, ಅದು ಬೇಡವಾಗಿ ನನ್ನ ಕಪಾಟಿನಲ್ಲಿ ಬಿದ್ದಿತ್ತು. ಅದಕ್ಕೊಂದು ಕ್ಯಾಮೆರಾ, ಬಿಸಿ ಮತ್ತು ತೇವ ಅಳೆಯುವ ಒಂದು ಕಡ್ಡಿ ಹಚ್ಚಿ, ಫ್ಯಾನನ್ನೂ ಮೇಲ್ಛಾವಣಿಯಿಂದ ಮಂಜಿನಂತೆ ನೀರು ಉದುರಿಸುವ ಪೈಪಿನ ಮೋಟರನ್ನೂ ಅದರ ಕೈಗೆ ಕೊಟ್ಟರೆ, ಅಕ್ಕ ಹಾವೇರಿಯಲ್ಲಿ ಮಲಗಿಯೇ ಕುಪ್ಪೇಲೂರಿನ ಹುಳು ನೋಡಬಹುದು, ನಾನು ಎಲ್ಲಿದ್ದರೂ ಒಂದು ಗುಂಡಿ ಒತ್ತಿ ಗಾಳಿ ಬಿಡಬಹುದು, ನೀರು ಬಿಡಬಹುದು.

ಅಕ್ಕನ ಮಂಚದ ಪಕ್ಕದಲ್ಲೇ ಕುಳಿತು ಅದನ್ನು ಸಿದ್ಧ ಮಾಡಿದೆ. ಇಂಥ ಯಂತ್ರ ಹೊಸದರಲ್ಲಿ ದೂರದಿಂದ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ಬಾಗಿಲನ್ನು ನಾವೇ ತೆರೆಯಬೇಕು, ತೆರೆದ ಮೇಲೆ ಕಂಡವರೆಲ್ಲ ನುಗ್ಗದ ಹಾಗೆ ಪಾಸ್‌ವರ್ಡ್ ಇಡಬೇಕು. ಏನಿಡಲಿ ಎಂದು ಅಕ್ಕನನ್ನು ಕೇಳಿದೆ. ಅವಳು ಯೋಚನೆ ಮಾಡದೆ ಮಾವನ ಒಂದು ಎತ್ತಿನ ಹೆಸರು ಹೇಳಿದಳು. ನಾನು ನಕ್ಕೆ, ಅವಳು ನಗಲಿಲ್ಲ. ಇನ್ನೊಂದು ತೊಡಕೆಂದರೆ, ಹೊಲದಲ್ಲಿ ಇರುವುದು ಮೊಬೈಲ್ ಸಿಮ್ಮಿನ ಇಂಟರ್ನೆಟ್. ಅಂಥ ಕಡೆ ಇರುವ ಯಂತ್ರಕ್ಕೆ ಹೊರಗಿನಿಂದ ನಾವು ಕೂಗಿದರೆ ಕೇಳುವುದಿಲ್ಲ. ಯಂತ್ರವೇ ಒಳಗಿನಿಂದ ಹೊರಗೆ ಕರೆ ಮಾಡಿ, ಆ ಕರೆಯನ್ನು ಕಡಿಯದೆ ಹಿಡಿದುಕೊಂಡಿರಬೇಕು. ನಾವು ಆ ದಾರಿಯಲ್ಲೇ ಒಳಹೋಗಬೇಕು. ಅದನ್ನೂ ಕಟ್ಟಿದೆ. ಎರಡು ಸಲ ನನ್ನನ್ನು ನಾನೇ ಹೊರಗೆ ಹಾಕಿಕೊಂಡು, ಮತ್ತೆ ಮೊದಲಿನಿಂದ ಮಾಡಿ, ಮೂರನೆಯ ಸಲ ನನ್ನ ಫೋನಿನಲ್ಲಿ ಅಕ್ಕನ ಮಂಚ ಕಂಡಿತು. ಕ್ಯಾಮೆರಾ ಅವಳ ಕಡೆಗೇ ಮುಖ ಮಾಡಿತ್ತು. “ಅಯ್ಯ, ನಾ ಎಷ್ಟ ಸೊರಗೇನಲ್ಲೋ,” ಎಂದಳು.

ಚಾಕಿ ಹುಳು ಬಂದ ಬುಧವಾರ ಅದನ್ನು ಕುಪ್ಪೇಲೂರಿಗೆ ಒಯ್ದೆ. ಹುಳುವಿನ ಮನೆಯಲ್ಲಿ ಎರಡು ಸಾಲು ಕಬ್ಬಿಣದ ಚೌಕಟ್ಟು, ಒಂದೊಂದರಲ್ಲಿ ನಾಲ್ಕು ಅಟ್ಟ, ಅಟ್ಟದ ತುಂಬ ಸೊಪ್ಪಿನ ರೆಂಬೆ, ಅದರ ಮೇಲೆ ಹುಳು. ಕ್ಯಾಮೆರಾಕ್ಕೆ ಮುಂದಿನ ಸಾಲು ಚೆನ್ನಾಗಿ ಕಂಡಿತು, ಹಿಂದಿನದು ಮರೆಯಾಯಿತು. ಮಾವ ಬಾಗಿಲ ಹತ್ತಿರ ಕೈಕಟ್ಟಿ ನಿಂತು ನೋಡುತ್ತಿದ್ದರು.

“ಇದನ್ನ ಮುಟ್ಟಬ್ಯಾಡ್ರಿ ಮಾವಾ. ಎಲ್ಲಾ ಇದ ನೋಡ್ಕೊಂತೈತಿ. ನೀವು ಸೊಪ್ಪು ಹಾಕಿದ್ರ ಸಾಕು,” ಎಂದೆ.

“ಹಗಲೂ ರಾತ್ರಿ ನಡೀತೈತೇನು?”

“ಹಗಲೂ ರಾತ್ರಿ.”

“ಸೂಟಿ ಇಲ್ಲ?”

“ಯಂತ್ರಕ್ಕ ಎಂಥಾ ಸೂಟಿ ಮಾವಾ!” ಎಂದು ಆ ರಜೆಯ ಮಾತಿಗೆ ನಕ್ಕುಬಿಟ್ಟೆ. ಅವರು ನಗಲಿಲ್ಲ. ಆ ಮಾತನ್ನು ಆಡಿದ ನನ್ನ ಧಾಟಿ ಈಗ ನೆನೆದರೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ನಾಲ್ಕು ದಿನ ಎಲ್ಲ ಸರಿಯಾಗಿತ್ತು. ಅಕ್ಕ ಬೆಳಿಗ್ಗೆ ಎದ್ದ ಕೂಡಲೇ ಫೋನ್ ಹಿಡಿಯುತ್ತಿದ್ದಳು. ಮಾವ ಸೊಪ್ಪು ಹಾಕುವುದನ್ನು ನೋಡಿ “ಅಲ್ಲಿ ದಪ್ಪ ಆತು, ಇಲ್ಲಿ ತೆಳ್ಳಗಾತು” ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಐದನೆಯ ದಿನ, ಸೋಮವಾರ, ನಾನು ಬ್ಯಾಡಗಿಯಲ್ಲಿದ್ದೆ. ಸೋಮವಾರ ಮತ್ತು ಗುರುವಾರ ಅಲ್ಲಿ ಪೇಟೆಯ ದಿನ; ಉಸಿರು ಬಿಡಲೂ ಪುರಸೊತ್ತಿರುವುದಿಲ್ಲ. ಅಕ್ಕ ಫೋನ್ ಮಾಡಿ “ಪರದಿ ಕಪ್ಪ ಆಗೇತಿ” ಎಂದಳು. ನನ್ನ ಫೋನಿನಲ್ಲೂ ಹುಳುವಿನ ಮನೆಯ ಚಿತ್ರ ಕಪ್ಪಾಗಿತ್ತು. ಯಂತ್ರವನ್ನು ಕರೆದೆ, ಉತ್ತರವಿಲ್ಲ. ಮತ್ತೆ ಕರೆದೆ, ಉತ್ತರವಿಲ್ಲ. ಮಾವನ ಫೋನ್ ರಿಂಗಾಯಿತು, ಎತ್ತಲಿಲ್ಲ. ಹುಳುವಿನ ಮನೆಗೆ ಹೋಗುವಾಗ ಅವರು ಫೋನನ್ನು ಹೊರಗಿನ ಮೊಳೆಗೆ ಚೀಲದಲ್ಲಿ ತೂಗುಹಾಕುತ್ತಾರೆ. ಹೊರಗಿನ ಹೊಲಸು ಒಳಗೆ ಬಾರದಿರಲೆಂದು ಅಕ್ಕನೇ ಹಾಗೆ ಕಲಿಸಿದ್ದು.

ಸಂಜೆ ಅವರೇ ಮಾಡಿದರು. “ಕರೆಂಟ್ ಐತೇನ್ರಿ?” ಎಂದೆ. “ಐತಿ” ಎಂದರು. “ಹುಳಾ?” “ಚಲೋ ಅದಾವು.” ನಾನು ಫೋನಿಟ್ಟೆ. ಯಂತ್ರ ಚಾಲೂ ಇದೆಯೇ ಎಂದು ನಾನು ಕೇಳಲೇ ಇಲ್ಲ. ಅವರಿಗೆ ಅದೇನು ತಿಳಿಯುತ್ತದೆ ಎಂಬ ಗರ್ವ. ಮಂಗಳವಾರ ಬೆಳಿಗ್ಗೆ ಪರದೆ ತಾನಾಗಿ ಬೆಳಗಿತು. ಸಿಮ್ಮಿನ ತೊಂದರೆ ಎಂದುಕೊಂಡೆ.

ಅದೇ ವಾರದ ಗುರುವಾರ. ಪೇಟೆಯಲ್ಲಿ ಒಂದು ತೂಕದ ಯಂತ್ರ ಕೈಕೊಟ್ಟು, ಅದರ ಸುತ್ತ ಹತ್ತು ಜನ ನಿಂತು ನನ್ನ ಮೇಲೆ ಕೂಗುತ್ತಿದ್ದರು. ಆ ಗದ್ದಲದಲ್ಲಿ ನನ್ನ ಫೋನ್ ಕಂಪಿಸಿತು. ಹುಳುವಿನ ಮನೆಯಲ್ಲಿ ತೇವ ಕಡಿಮೆಯಾಗಿದೆ, ಒಣ ಹವೆ. ಹೊರಗೆ ಬಿಸಿಲು ಕೂಡ ಹಾಗೇ ಇತ್ತು. ಅಕ್ಕನನ್ನು ಕೇಳೋಣವೆಂದರೆ ನೋವಿನ ಗುಳಿಗೆ ನುಂಗಿ ಮಲಗಿರುವ ಹೊತ್ತು. ಇಷ್ಟಕ್ಕೇಕೆ ಕೇಳುವುದು ಎಂದು ನೀರಿನ ಗುಂಡಿ ಒತ್ತಿ, ಅರ್ಧ ಗಂಟೆ ಎಂದು ಹಾಕಿ, ಫೋನನ್ನು ಜೇಬಿಗೆ ಸೇರಿಸಿದೆ. ಹತ್ತು ಹರದಾರಿ ಆಚೆಗೆ ಕೈ ಚಾಚಿ ಕೆಲಸ ಮಾಡಿದೆನಲ್ಲ ಎಂದು ಖುಷಿಯೂ ಆಯಿತು.

ಶುಕ್ರವಾರ ಬೆಳಿಗ್ಗೆ ಮಾವನ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದಳು.

“ಒಂದ ಸ್ವಲ್ಪ ಲುಕ್ಸಾನ ಆತು. ನಿನ್ನೆ ನೀರಿನ ಬಕೇಟ ಉಳ್ಳಿ ಬಿತ್ತು. ನನ್ನ ಕೈ ತಾಗಿ. ಹುಳಾ ಜ್ವರಕ್ಕ ಕುಂತಿದ್ವು. ಹಿಂದಿನ ಸಾಲಿನಾಗ ಒಂದಿಷ್ಟು ಹೋದುವು.”

ನಾಲ್ಕನೆಯ ಜ್ವರದಲ್ಲಿ ಹುಳುವಿನ ಮೈ ಒಣಗಿರಬೇಕು. ಆಗ ನೀರು ತಾಗಿದರೆ ಪೊರೆ ಬಿಡಲಾಗದೆ ಕೊಳೆಯುತ್ತದೆ, ಕೊಳೆತದ್ದು ಪಕ್ಕದ್ದಕ್ಕೂ ಹಬ್ಬುತ್ತದೆ. ಅಷ್ಟು ನಾನೂ ಅಕ್ಕನ ಬಾಯಲ್ಲಿ ಕೇಳಿದ್ದೆ.

“ಯಾವ ಅಟ್ಟ?” ಎಂದಳು ಅಕ್ಕ.

“ಮ್ಯಾಲಿನ ಎರಡು. ತಗದ ಹಾಕೇನಿ. ಸುಣ್ಣಾ ಹೊಡದೇನಿ. ಉಳದಾವು ಚಲೋ ಅದಾವು.”

ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ “ಆತು ಬಿಡ್ರಿ” ಎಂದು ಫೋನಿಟ್ಟಳು. ನನಗೋ ಮೈಯೆಲ್ಲ ಉರಿ. “ಒಂದ ಬಕೇಟ ಸರಿಯಾಗಿ ಇಡಾಕ ಬರಂಗಿಲ್ಲ ಅಂದ್ರ!” ಎಂದು ಕೂಗಾಡಿದೆ. ಎತ್ತು ಮೇಯಿಸುವವರ ಕೈಗೆ ಹುಳು ಕೊಟ್ಟರೆ ಇನ್ನೇನಾಗುತ್ತದೆ ಎಂದೂ ಅಂದೆ. ಅಕ್ಕ “ಸುಮ್ನಿರು” ಎಂದಷ್ಟೇ ಹೇಳಿದಳು. ಗಂಡನ ಮೇಲಿನ ಸಿಟ್ಟಿಗೆ ಅವಳಿಗೆ ಮಾತು ಹೊರಡುತ್ತಿಲ್ಲ ಎಂದು ನಾನು ತಿಳಿದೆ. ಆ ದಿನದಿಂದ ಅವಳು ಊಟ ಕಡಿಮೆ ಮಾಡಿದಳು. ಫೋನ್ ಹಿಡಿದು ಮುಂದಿನ ಸಾಲನ್ನೇ ನೋಡುತ್ತಾ ಕೂತಿರುತ್ತಿದ್ದಳು.

ಮುಂದಿನ ಸೋಮವಾರ ಮತ್ತೆ ಪರದೆ ಕಪ್ಪಾಯಿತು. ಮಂಗಳವಾರ ಮತ್ತೆ ಬೆಳಗಿತು. ಈ ಸಲ ನಾನು ಒಳಹೊಕ್ಕು ಯಂತ್ರ ಬರೆದಿಟ್ಟುಕೊಂಡಿದ್ದ ದಿನಚರಿ ತೆಗೆದು ನೋಡಿದೆ. ಎರಡೂ ಸಲ ಬೆಳಿಗ್ಗೆ ಆರಕ್ಕೆ ಆರಿದೆ, ಮರುದಿನ ಬೆಳಿಗ್ಗೆ ಆರಕ್ಕೆ ಹೊತ್ತಿದೆ. ಕರೆಂಟು ಹೀಗೆ ಗಡಿಯಾರ ನೋಡಿ ಹೋಗುವುದಿಲ್ಲ. ಯಾರೋ ಪ್ಲಗ್ ಕೀಳುತ್ತಿದ್ದಾರೆ. ಯಾರೋ ಯಾಕೆ, ಮಾವನೇ. ಹೆಂಡತಿ ಅಲ್ಲಿಂದ ಕಣ್ಣಿಟ್ಟಿದ್ದಾಳೆಂದು ಮೈ ಚಾಚಲು ಆಗುತ್ತಿಲ್ಲ, ಅದಕ್ಕೆ ವಾರಕ್ಕೊಂದು ದಿನ ಯಂತ್ರದ ಕಣ್ಣು ಮುಚ್ಚಿಸಿ ಅಡ್ಡಾಗುತ್ತಾರೆ. ನನ್ನ ಬುದ್ಧಿ ಹೋದದ್ದು ಇಲ್ಲಿಗೆ. ಅಕ್ಕನಿಗೆ ಹೇಳಿದೆ. “ಫೋನಿನ್ಯಾಗ ಜಗಳಾ ತಗೀಬ್ಯಾಡ. ಹುಳಾ ಹಣ್ಣಾಗೂ ಮಟಾ ತಡಕೋ,” ಎಂದಳು. ತಡೆದುಕೊಂಡೆ. ಆ ವಾರ ಎರಡು ಸಲ ಹವೆ ಒಣಗಿದಾಗ ನೀರಿನ ಗುಂಡಿ ಒತ್ತಿದೆ. ತೇವದ ಅಂಕಿ ಏರಲಿಲ್ಲ. ಕಡ್ಡಿ ಹಾಳಾಗಿರಬೇಕೆಂದು ಅದನ್ನೂ ಬೈದುಕೊಂಡೆ.

ಮೂರನೆಯ ಸೋಮವಾರ ಬಂತು. ಹಿಂದಿನ ಸಂಜೆಯೇ ಅಕ್ಕ ಪರದೆ ನೋಡಿ, ಹುಳು ಸೊಪ್ಪು ಬಿಡುತ್ತಿವೆ, ನಾಳೆ ಹಣ್ಣಾಗುತ್ತವೆ ಎಂದಿದ್ದಳು. ಹಣ್ಣಾದ ಹುಳುವನ್ನು ಆ ದಿನವೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಹಾಕಬೇಕು. ಗಾಳಿಯಾಡದ ಸೆಕೆಯಲ್ಲಿ ಬಿಟ್ಟರೆ ಅದು ನೂಲು ಬಿಡದೆ ಸಾಯುತ್ತದೆ. ಇಪ್ಪತ್ತು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಗಬಹುದು. ಆ ಮನೆಯ ಗಾಳಿಯೆಲ್ಲ ಇದ್ದದ್ದು ಒಂದು ಫ್ಯಾನಿನಲ್ಲಿ, ಆ ಫ್ಯಾನು ಇದ್ದದ್ದು ನನ್ನ ಯಂತ್ರದ ಕೈಯಲ್ಲಿ.

ಹನ್ನೊಂದು ಗಂಟೆಗೆ ಬ್ಯಾಡಗಿಯಲ್ಲಿ ಅಕ್ಕನ ಫೋನ್. ಅವಳ ದನಿ ಬಿಗಿದಿತ್ತು.

“ಪರದಿ ಕಪ್ಪ ಐತಿ. ನಿಮ್ಮ ಮಾವ ಫೋನ್ ಎತ್ತವಲ್ರು. ಇಲ್ಲೇ ಸೆಕಿ ಹಿಂಗ ಐತಿ, ಅಲ್ಲಿ ತಗಡಿನ ತಳಗ ಏನಾಗಿರಬೇಕು? ನನ್ನ ಒಂದ ಗಾಡ್ಯಾಗ ಹಾಕ್ಕೊಂಡ ಹೋಗು.”

“ನೀ ಕಾಲ ಊರಿದ್ರ ನೋಡು! ನಾ ಹೊಂಟೆ,” ಎಂದೆ.

ಬಿಚ್ಚಿಟ್ಟ ತೂಕದ ಯಂತ್ರವನ್ನು ಹಾಗೇ ಬಿಟ್ಟು ಬೈಕ್ ಹತ್ತಿದೆ. ಹಿಂದಿನಿಂದ ಯಾರೋ ಕೂಗಿದರು, ತಿರುಗಿ ನೋಡಲಿಲ್ಲ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಸೇರುವಾಗ ನಿಲ್ಲಿಸಿ ಯಂತ್ರವನ್ನು ಕರೆದೆ, ಉತ್ತರವಿಲ್ಲ. ಮಾವನಿಗೆ ಮಾಡಿದೆ, ರಿಂಗಾಗಿ ರಿಂಗಾಗಿ ಕಡಿಯಿತು. ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಮುಂದೆ ಗಾಡಿಗಳ ನಡುವೆ ಸಿಕ್ಕಿಹಾಕಿಕೊಂಡು ಮತ್ತೊಮ್ಮೆ ಮಾಡಿದೆ. ಅಕ್ಕನಿಂದ ನಾಲ್ಕು ಕರೆ ಬಂದಿದ್ದವು. ಎತ್ತುವ ಧೈರ್ಯ ಇರಲಿಲ್ಲ. ಹೆಲ್ಮೆಟ್ಟಿನೊಳಗೆ ಬೆವರು ಕಣ್ಣಿಗಿಳಿದು ಮೆಣಸಿನಕಾಯಿ ಧೂಳಿನ ಉರಿ. ಮಾವನಿಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಒಂದಕ್ಕಿಂತ ಒಂದು ಕೆಟ್ಟದಾಗಿದ್ದವು.

ಹೊಲ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಬೇವಿನ ಮರದ ಕೆಳಗೆ ಎತ್ತುಗಳೆರಡೂ ಮೈ ತೊಳೆಸಿಕೊಂಡು ಮೆಲುಕು ಹಾಕುತ್ತಿದ್ದವು. ಹುಳುವಿನ ಮನೆಯ ಮುಂದಿನ ಮೊಳೆಗೆ ತೂಗುಹಾಕಿದ್ದ ಚೀಲದಲ್ಲಿ ಮಾವನ ಫೋನ್ ಇತ್ತು. ನಾನು ಬೈಕ್ ಬೀಳಿಸಿ ಬಾಗಿಲಿಗೆ ಓಡಿದೆ. ಸೊಳ್ಳೆಪರದೆಯಂಥ ಜಾಲರಿಯ ಬಾಗಿಲಿನ ಒಳಗೆ ಮಾವ ಬಂದು ಅಡ್ಡ ನಿಂತರು.

“ಅಲ್ಲೇ ನಿಂದ್ರು.”

“ಬಾಗಲಾ ತಗೀರಿ ಮಾವಾ!”

“ಅಲ್ಲೇ ನಿಂದ್ರು ಅಂದ್ನಿ. ಮೆಣಸಿನಕಾಯಿ ಘಾಟು ಇಲ್ಲಿಗೆ ಬಡಿಯಾಕತ್ತೈತಿ. ಹುಳಾ ನೂಲು ಬಿಡಾಕತ್ತಾವು. ಈ ಅರಬಿ ಮ್ಯಾಲ ಒಳಗ ಬಿಡಂಗಿಲ್ಲ.”

“ನೀವು ಪ್ಲಗ್ ಕಿತ್ತೀರಿ! ಪ್ರತಿ ಸೋಮಾರ ಕೀಳ್ತೀರಿ. ಅಕ್ಕ ನೋಡ್ತಾಳ ಅಂತ ನಾಚಿಕೀನ್ರಿ ನಿಮಗ? ಅಲ್ಲಿ ಅಕಿ ಒಂದ ತುತ್ತು ಉಣವಲ್ಲಳು!”

ಒಳಗೆ ಹುಳು ಆರಿಸುತ್ತಿದ್ದ ಪಕ್ಕದ ಹೊಲದ ಇಬ್ಬರು ಹೆಣ್ಣುಮಕ್ಕಳು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಮಾವ ದನಿ ಏರಿಸಲಿಲ್ಲ. “ಹೌದು, ಕಿತ್ತೇನಿ. ಟಾಕಿ ಹಂತ್ಯಾಕ ನೀರೈತಿ. ತಲಿಮ್ಯಾಲಿಂದ ಜಳಕಾ ಮಾಡು. ನನ್ನ ಧೋತರ ಹಗ್ಗದ ಮ್ಯಾಲೈತಿ. ಉಟ್ಕೊಂಡು ಬಾ,” ಎಂದು ಒಳಗೆ ಹೋದರು.

ಅಂಥ ಸಿಟ್ಟಿನಲ್ಲಿ ಸ್ನಾನ ಮಾಡಿದ್ದು ಅದೇ ಮೊದಲು. ಟಾಕಿಯ ನೀರು ಸುರಿದುಕೊಂಡೆ, ಸೋಪು ಹಚ್ಚಿದೆ, ಮೂಸಿ ನೋಡಿಕೊಂಡೆ, ಇನ್ನೂ ಘಾಟು. ಮತ್ತೆ ಹಚ್ಚಿದೆ. ಒಳಗೆ ಹುಳು ಸಾಯುತ್ತಿವೆಯೋ ಬದುಕಿವೆಯೋ ತಿಳಿಯದು. ಆಗ ಕಿವಿಗೆ ಒಂದು ಸದ್ದು ಬಿತ್ತು. ಫ್ಯಾನಿನ ಸದ್ದು. ಬಂದಾಗಿನಿಂದ ಅದು ತಿರುಗುತ್ತಲೇ ಇತ್ತು. ನನ್ನ ಕೂಗಾಟದಲ್ಲಿ ನನಗೆ ಕೇಳಿರಲಿಲ್ಲ.

ಮಾವನ ಧೋತರ ಸುತ್ತಿಕೊಂಡು, ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆ. ತಂಪಾಗಿತ್ತು. ಕಿಟಕಿಗಳಿಗೆಲ್ಲ ಹಸಿ ಗೋಣಿಚೀಲ ಇಳಿಬಿಟ್ಟಿದ್ದರು. ಗೋಡೆಗೆ ಒರಗಿಸಿದ ಚಂದ್ರಿಕೆಗಳಲ್ಲಿ ಹುಳು ತಲೆಯೆತ್ತಿ, ಆ ಕಡೆ ಈ ಕಡೆ ತೂಗುತ್ತ, ನೂಲು ಎಳೆಯಲು ಶುರುಮಾಡಿದ್ದವು. ಒಂದು ಮೂಲೆಯಲ್ಲಿ ಚಾಪೆ, ನೀರಿನ ತಂಬಿಗೆ, ರೊಟ್ಟಿಯ ಗಂಟು. ಮಾವ ಬೆಳಗಿನಿಂದ ಅಲ್ಲೇ ಇದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

“ಫ್ಯಾನು?” ಎಂದೆ.

“ಗ್ವಾಡಿ ಮ್ಯಾಲ ಸ್ವಿಚ್ ಐತಲ್ಲೋ. ನಿನ್ನ ಯಂತ್ರ ಬರೂಕಿಂತ ಮೊದಲೂ ಇತ್ತು.”

ಆ ಹಳೆಯ ಸ್ವಿಚ್ಚನ್ನು ಬೇಕಾದೀತೆಂದು ಉಳಿಸಿದವನು ನಾನೇ. ಮರೆತಿದ್ದೆ. ನನ್ನ ಯಂತ್ರ ನಾನಿಟ್ಟ ಕಡೆಯೇ, ತನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಪ್ಲಗ್ ಕಿತ್ತು, ವೈರನ್ನು ಎತ್ತಿನ ಹಗ್ಗ ಸುತ್ತುವ ಹಾಗೆ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು. ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಕಣಗಿಲೆ ಹೂವು.

“ಸೋಮಾರ ಎತ್ತಿನ ಹೆಗಲಿಗೆ ನಾವು ನೊಗಾ ಇಡಂಗಿಲ್ಲ,” ಎಂದರು ಮಾವ, ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಡುತ್ತ. “ಇದೂ ನಮ್ಮನ್ಯಾಗ ದುಡಿಯಾಕತ್ತೈತಿ. ಹಗಲೂ ರಾತ್ರಿ ದುಡಿಯಾಕತ್ತೈತಿ. ಆರ ದಿನಾ ಅದು ನೋಡತೈತಿ, ಒಂದ ದಿನಾ ನಾ ಕುಂತ ನೋಡ್ತೀನಿ. ಸೂಟಿ ಇಲ್ಲೇನು ಅಂತ ಅವತ್ತ ಕೇಳಿದ್ನಿ. ನೀ ನಕ್ಕಿ.”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಮುಖ ತಪ್ಪಿಸಲು ಹಿಂದಿನ ಸಾಲಿನ ಕಡೆ ಹೋದೆ. ಮೇಲಿನ ಎರಡು ಅಟ್ಟ ಖಾಲಿ, ಸುಣ್ಣದಿಂದ ಬೆಳ್ಳಗಾಗಿದ್ದವು. ಅವುಗಳ ನೆತ್ತಿಯ ಮೇಲೇ ಮಂಜಿನ ನೀರಿನ ಪೈಪು ಹಾದುಹೋಗಿತ್ತು. ಪೈಪನ್ನು ಮಡಚಿ, ಹಳೆಯ ಧೋತರದ ಚೂರಿನಿಂದ ಬಿಗಿಯಾಗಿ ಕಟ್ಟಿದ್ದರು.

ನಾನು ಆ ಗಂಟನ್ನು ನೋಡುತ್ತಾ ನಿಂತೆ. ಗುರುವಾರ, ಪೇಟೆ, ಹತ್ತು ಜನರ ಕೂಗು, ಅರ್ಧ ಗಂಟೆ. ಬಕೆಟ್ಟಿನ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದ್ದೆ, ನನ್ನ ಬೆರಳು ಒತ್ತಿದ ಗುಂಡಿಯೂ ನನಗೆ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಹತ್ತು ಗ್ರಾಂ ತಪ್ಪು ಹಿಡಿಯುವವನು ನಾನು.

“ಮಾವಾ, ಬಕೇಟ ಬಿದ್ದಿದ್ದಿಲ್ಲ,” ಎಂದೆ.

ಅವರು ಹೆಣ್ಣುಮಕ್ಕಳ ಕಡೆ ನೋಡಿ, ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ನಾ ಊಟಕ್ಕ ಹೋಗಿದ್ನಿ. ಬರೂದ್ರಾಗ ಸುರದಿತ್ತು. ಅಕ್ಕಗ ಹೇಳಬ್ಯಾಡ.”

“ಯಾಕ ಸುಳ್ಳ ಹೇಳಿದ್ರಿ?”

“ಅಕಿ ಇರೂದು ನಿನ್ನ ಮನ್ಯಾಗ. ನಡಿಯಾಕ ಬರವಲ್ದು. ನಿನ್ನ ಮ್ಯಾಲ ಸಿಟ್ಟಾದ್ರ ಎದ್ದ ಎಲ್ಲಿಗೆ ಹೋಗಬೇಕು? ನನ್ನ ಮ್ಯಾಲಾದ್ರ ಸಿಟ್ಟು ಹಳೇದು. ನಡೀತೈತಿ.”

“ಯಂತ್ರಾನ ಕಿತ್ತ ಒಗೀಬೇಕಿತ್ತು.”

“ಅಕಿ ಮುಂಜಾ‌ನೆದ್ದು ಅದರಾಗ ನೋಡ್ತಾಳಲ್ಲ,” ಎಂದರು. “ಅದಕ ಪೈಪ್ ಅಷ್ಟ ಕಟ್ಟಿದ್ನಿ.”

ನನ್ನ ಕಣ್ಣು ತುಂಬಿತು. ಮೆಣಸಿನಕಾಯಿ ಧೂಳು ಎಂದು ಹೇಳಲು ಸ್ನಾನ ಬೇರೆ ಆಗಿಹೋಗಿತ್ತು. ಹೊರಗೆ ಬಂದು, ಜಾಲರಿಯ ಬಾಗಿಲ ಹತ್ತಿರ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು, ಆದರೆ ಕೇಳಲು ಹೆದರಿದ್ದಳು.

“ಅಕ್ಕಾ, ಹುಳಾ ಚಲೋ ಅದಾವು. ಚಂದ್ರಿಕಿ ಹತ್ಯಾವು. ನೂಲು ಬಿಡಾಕತ್ತಾವು.”

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಒಳಗಿಂದ ಮಾವ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ನಾನು ಅವರಿಗೆ ಬೆನ್ನು ಮಾಡಿದೆ.

“ಅಕ್ಕಾ, ಅವತ್ತ ನೀರ ಚೆಲ್ಲಿದಾವ್ರು ಮಾವ ಅಲ್ಲ. ನಾ. ಪ್ಯಾಟ್ಯಾಗ ನಿಂತ ಗುಂಡಿ ಒತ್ತಿದ್ನಿ. ಜ್ವರಕ್ಕ ಕುಂತಾವ ಅಂತ ನಿನ್ನ ಕೇಳಲಿಲ್ಲ.”

ಕಡಿಯಿತೇ ಎಂದು ಫೋನ್ ನೋಡಿದೆ. ಕಡಿದಿರಲಿಲ್ಲ.

“ಬಕೇಟ ಉಳ್ಳಿದ್ರ ಯಾವ ಅಟ್ಟ ತೊಯ್ತಾವೋ?” ಎಂದಳು ಅಕ್ಕ. “ತಳಗಿನವು ತೊಯ್ತಾವು. ಮ್ಯಾಲಿನ ಎರಡು ಹ್ಯಾಂಗ ತೊಯ್ತಾವು? ನಿಮ್ಮ ಮಾವಗ ಸುಳ್ಳ ಹೇಳಾಕೂ ಬರಂಗಿಲ್ಲ.”

“ಗೊತ್ತಿತ್ತೇನು ನಿನಗ?”

“ಅವತ್ತ ಗೊತ್ತಾತು. ನೀ ಹೇಳ್ತಿ ಅಂತ ಹತ್ತ ದಿನಾ ಕಾದೆ. ಅವರನ್ನ ಬೈಯ್ಯೂದು ಮಾತ್ರ ಕೇಳಿದೆ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಊಟ ಬಿಟ್ಟು ಆ ಹತ್ತು ದಿನ ಅವಳು ಕಾಯುತ್ತಿದ್ದದ್ದು ಹುಳುವಿಗಲ್ಲ, ನನ್ನ ಬಾಯಿಗೆ. ನಾನು ಜಾಲರಿಯ ಕಟ್ಟಿಗೆ ಹಿಡಿದು ನಿಂತೆ.

“ಅವರಿಗೆ ಕೊಡು,” ಎಂದಳು.

ಸ್ಪೀಕರ್ ಹಾಕಿ ಫೋನನ್ನು ಜಾಲರಿಗೆ ಹಿಡಿದೆ. ಮಾವ ಆ ಕಡೆಯಿಂದ ಕಿವಿ ತಂದರು.

“ಏನ್ರಿ, ಹಳದಿ ತಿರುಗ್ಯಾವು?” ಎಂದಳು ಅಕ್ಕ.

“ತಿರುಗ್ಯಾವು. ಹಿಡದ ನೋಡಿದ್ರ ಹೊಟ್ಟಿ ಆರಪಾರ ಕಾಣತೈತಿ, ದ್ರಾಕ್ಷಿ ಹಣ್ಣಿನಂಗ. ಇನ್ನ ಕಾಲುಭಾಗ ಉಳದಾವು. ಸಂಜಿ ಮಟಾ ಆಕ್ಕೈತಿ.”

“ಚಂದ್ರಿಕಿಗೆ ಭಾಳ ತುಂಬಬ್ಯಾಡ್ರಿ.”

“ತುಂಬಿಲ್ಲ. ನೀ ಹೆಂಗ ಹಾಕ್ತಿದ್ದಿ, ಹಂಗ ಹಾಕೇನಿ. ಬಾಗಲದಾಗ ನಿಂತ ನೋಡ್ತಿದ್ನೆಲ್ಲ.”

ಆಮೇಲೆ, “ಮುಂದಿನ ಚಾಕಿಗೆ ಹೆಸರು ಬರಸ್ರಿ. ನಾ ಬರೂದ್ರಾಗ ಬಂದಿರಬೇಕು,” ಎಂದಳು.

“ಬರಸ್ತೀನಿ,” ಎಂದರು ಮಾವ, ತಿರುಗಿ ಹುಳುವಿನ ಕಡೆ ಹೋದರು. ಬಾಗಿಲನ್ನು ಮಾತ್ರ ತೆರೆದಿಟ್ಟು ಹೋದರು. ನಾನು ಮತ್ತೆ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗಿ, ಆ ಹೆಣ್ಣುಮಕ್ಕಳ ಪಕ್ಕ ಕುಳಿತು, ಅವರು ತೋರಿಸಿದ ಹಾಗೆ ಹುಳು ಆರಿಸತೊಡಗಿದೆ. ಯಂತ್ರ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಸೋಮವಾರ ಮುಗಿಯಲು ಇನ್ನೂ ಹೊತ್ತಿತ್ತು. ನಾನು ಅದರ ಪ್ಲಗ್ ಮುಟ್ಟಲಿಲ್ಲ.